ಗಣಿಯೊಳಗಿನ ಸೊನ್ನೆ

ಕೋಲಾರದ ಚಿನ್ನದ ಗಣಿಗಳಿಂದ, ಅಂದರೆ ಕೆಜಿಎಫ್‌ನಿಂದ, ನೂರಿಪ್ಪತ್ತು ವರ್ಷಗಳಲ್ಲಿ ಸುಮಾರು 800 ಟನ್ ಚಿನ್ನ ಹೊರಬಂತು. ಈ ಅಂಕಿ ಎಲ್ಲರ ಬಾಯಲ್ಲೂ ಇದೆ. ಅದೇ ಗಣಿ ಕೊಟ್ಟ ಇನ್ನೊಂದು ಅಂಕಿಯನ್ನು ನೆನೆಯುವವರು ಕಡಿಮೆ. ಅದು ಸೊನ್ನೆ. 1960ರ ದಶಕದ ಆರಂಭದಲ್ಲಿ, ನೆಲಮಟ್ಟದಿಂದ ಸುಮಾರು 2,760 ಮೀಟರ್ ಕೆಳಗೆ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಭೌತವಿಜ್ಞಾನಿಗಳು ಒಂದು ಉಪಕರಣ ಇಟ್ಟು ಸುಮಾರು ಎರಡು ತಿಂಗಳು ಕಾದರು. ತನ್ನೊಳಗಿಂದ ಹಾದುಹೋಗುವ ಮ್ಯೂಯಾನ್ ಎಂಬ ಕಣಗಳನ್ನು ಎಣಿಸುವುದು ಅದರ ಕೆಲಸ. ಎರಡು ತಿಂಗಳಲ್ಲಿ ಎಣಿಕೆಗೆ ಒಂದೂ ಸಿಗಲಿಲ್ಲ.

ಏನೂ ಸಿಗಲಿಲ್ಲ ಎಂದರೆ ಏನೂ ನಡೆಯಲಿಲ್ಲ ಎಂದೇ ನಮ್ಮ ಕಿವಿಗೆ ಕೇಳಿಸುತ್ತದೆ. ಈ ಸೊನ್ನೆಯ ಮಟ್ಟಿಗೆ ಅದು ಸರಿಯಲ್ಲ. ಇದು ಭಾರತದ ನೆಲದಲ್ಲಿ ನಡೆದ ಅತ್ಯಂತ ಅಚ್ಚುಕಟ್ಟಾದ ಅಳತೆಗಳಲ್ಲಿ ಒಂದು ಎಂದು ನಾನು ನಂಬಿದ್ದೇನೆ. ಯಾಕೆ ಎಂದು ಹೇಳಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ಆಕಾಶದ ಆಚೆಯಿಂದ ಬರುವ ವಿಶ್ವಕಿರಣಗಳು ವಾತಾವರಣದ ಮೇಲ್ಪದರದಲ್ಲಿ ಗಾಳಿಯ ಪರಮಾಣುಗಳಿಗೆ ಬಡಿಯುತ್ತವೆ. ಆ ಬಡಿತದಲ್ಲಿ ಹುಟ್ಟುವ ಕಣಗಳ ಪೈಕಿ ಮ್ಯೂಯಾನ್ ಒಂದು. ನೀವು ಈ ಪತ್ರಿಕೆ ಹಿಡಿದು ಕುಳಿತಿರುವ ಹೊತ್ತಿನಲ್ಲೇ ನಿಮ್ಮ ಅಂಗೈ ಮೂಲಕ ಸೆಕೆಂಡಿಗೆ ಹೆಚ್ಚುಕಡಿಮೆ ಒಂದರಂತೆ ಅವು ಹಾದುಹೋಗುತ್ತಿವೆ. ಮನೆಯ ಚಾವಣಿ ಅವುಗಳಿಗೆ ಲೆಕ್ಕವಲ್ಲ, ನೂರಾರು ಮೀಟರ್ ಬಂಡೆಯೂ ಕೆಲವಕ್ಕೆ ಲೆಕ್ಕವಲ್ಲ. ಆಳಕ್ಕೆ ಇಳಿದಷ್ಟೂ ಹೆಚ್ಚು ಶಕ್ತಿಯವು ಮಾತ್ರ ಉಳಿಯುತ್ತವೆ. ಎಷ್ಟು ಆಳದಲ್ಲಿ ಎಷ್ಟು ಉಳಿದವು ಎಂದು ಎಣಿಸಿದರೆ, ಮೇಲೆ ಹೊರಟಾಗ ಅವಕ್ಕೆ ಎಷ್ಟು ಶಕ್ತಿ ಇತ್ತು ಎಂದು ಲೆಕ್ಕ ಹಾಕಬಹುದು. ಈ ಕೆಲಸಕ್ಕೆ ಆಳವಾದ ಗಣಿ ಬೇಕು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿದ್ದ ಕೆಜಿಎಫ್‌ನಂಥ ಗಣಿ ಜಗತ್ತಿನಲ್ಲಿ ಬೆರಳೆಣಿಕೆಯಷ್ಟೇ ಇದ್ದವು.

ಟಾಟಾ ಸಂಸ್ಥೆಯ ಹೋಮಿ ಭಾಭಾ ಅವರಿಗೆ ಇದು ಹೊಳೆಯಿತು. ಅವರ ಮಾತಿನಂತೆ 1951ರಲ್ಲಿ ಬಿ.ವಿ. ಶ್ರೀಕಂಠನ್ ಎಂಬ ತರುಣ ಗೈಗರ್ ಕೌಂಟರುಗಳನ್ನು ಹೊತ್ತು ಕೆಜಿಎಫ್‌ಗೆ ಬಂದರು. ನಂಜನಗೂಡಿನಲ್ಲಿ ಹುಟ್ಟಿದವರು, ಮುಂದೆ ಟಾಟಾ ಸಂಸ್ಥೆಗೇ ನಿರ್ದೇಶಕರಾದರು. ಅವರು ಮೊದಲು ಅಳೆದದ್ದು ಕೆಲವು ನೂರು ಮೀಟರ್ ಆಳದ ತನಕ. ಹತ್ತು ವರ್ಷ ಕಳೆದ ಮೇಲೆ, ಮಂಗಳೂರಿನಲ್ಲಿ ಹುಟ್ಟಿದ ಎಂ.ಜಿ.ಕೆ. ಮೆನನ್, ಪಿ.ವಿ. ರಮಣಮೂರ್ತಿ, ವಿ.ಎಸ್. ನರಸಿಂಹಂ, ಜಪಾನಿನ ಒಸಾಕಾದಿಂದ ಬಂದ ಮಿಯಾಕೆ ಇವರೆಲ್ಲ ಸೇರಿ ಅದೇ ಅಳತೆಯನ್ನು ಗಣಿಯ ಬುಡದವರೆಗೆ ಒಯ್ದರು. ಒಂದೊಂದೇ ಲೆವೆಲ್ಲಿನಲ್ಲಿ ಎಣಿಸುತ್ತ ಇಳಿದಂತೆ ಎಣಿಕೆ ಕುಸಿಯುತ್ತ ಹೋಯಿತು. ಕೊನೆಯ ಜಾಗದಲ್ಲಿ ಸೊನ್ನೆ.

ಈಗ ಅಸಲು ಪ್ರಶ್ನೆ. ಉಪಕರಣ ಕೆಟ್ಟು ನಿಂತಿದ್ದರೂ ಸೊನ್ನೆಯೇ ಬರುತ್ತದೆ. ಇದು ಯಾವ ಸೊನ್ನೆ? ಕೆರೆಗೆ ನೀರು ಬರಲಿಲ್ಲ ಅಂದಮಾತ್ರಕ್ಕೆ ಮಳೆಯೇ ಆಗಿಲ್ಲ ಎನ್ನಲಾಗದು, ರಾಜಕಾಲುವೆ ಮುಚ್ಚಿಹೋಗಿರಬಹುದು. ಕೋಲಾರ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಣಿಯೊಳಗಿನ ಸೊನ್ನೆ ನಂಬಿಕೆಗೆ ಯೋಗ್ಯವಾದದ್ದು ಅದು ಒಂಟಿಯಾಗಿರಲಿಲ್ಲ ಎಂಬ ಕಾರಣಕ್ಕೆ. ಮೇಲಿನ ಲೆವೆಲ್ಲುಗಳಲ್ಲಿ ಅದೇ ಬಗೆಯ ಎಣಿಕೆ ನಡೆದಿತ್ತು, ಅಲ್ಲಿ ಕಣಗಳು ಸಿಕ್ಕಿದ್ದವು. ಒಂದೊಂದು ಆಳದಲ್ಲೂ ಎಷ್ಟು ಸಿಕ್ಕಿತು ಎಂಬುದು ಕ್ರಮವಾಗಿ ಇಳಿಯುವ ಒಂದು ರೇಖೆಯ ಮೇಲೆ ಕೂತಿತ್ತು. ಆ ರೇಖೆಯನ್ನು ಮುಂದಕ್ಕೆ ಎಳೆದರೆ ಅದು ಹೋಗಿ ಸೇರುವುದು ಸೊನ್ನೆಯ ಹತ್ತಿರವೇ.

ಆದರೂ ಎರಡು ತಿಂಗಳಲ್ಲಿ ಒಂದೂ ಬರಲಿಲ್ಲ ಎಂದಾಕ್ಷಣ ಅಲ್ಲಿಗೆ ಮ್ಯೂಯಾನ್ ಬರುವುದೇ ಇಲ್ಲ ಎಂದು ತೀರ್ಮಾನಿಸಲು ಭೌತವಿಜ್ಞಾನಿಗೆ ಅಧಿಕಾರವಿಲ್ಲ. ಲೆಕ್ಕ ಹೀಗಿದೆ: ಒಂದು ಜಾಗದಲ್ಲಿ ಎರಡು ತಿಂಗಳಿಗೆ ಸರಾಸರಿ ಮೂರು ಕಣ ಬರುತ್ತವೆ ಎಂದುಕೊಳ್ಳಿ. ಅವು ಗಡಿಯಾರ ನೋಡಿಕೊಂಡು ಬರುವುದಿಲ್ಲ, ತಮಗೆ ಬೇಕಾದಾಗ ಬರುತ್ತವೆ. ಹಾಗಾಗಿ ಯಾವುದೋ ಒಂದು ಎರಡು ತಿಂಗಳ ಅವಧಿಯಲ್ಲಿ ಒಂದೂ ಬಾರದೇ ಹೋಗುವ ಸಾಧ್ಯತೆ ನೂರಕ್ಕೆ ಐದರಷ್ಟು ಇದ್ದೇ ಇದೆ. ಆದ್ದರಿಂದ ಸೊನ್ನೆ ಎಣಿಸಿದವರು ಪ್ರಾಮಾಣಿಕವಾಗಿ ಹೇಳಬಹುದಾದದ್ದು ಇಷ್ಟೇ: ಈ ಆಳದಲ್ಲಿ, ಇಷ್ಟು ಅಗಲದ ಉಪಕರಣಕ್ಕೆ, ಎರಡು ತಿಂಗಳಿಗೆ ಮೂರಕ್ಕಿಂತ ಹೆಚ್ಚು ಮ್ಯೂಯಾನ್ ಬರುತ್ತಿಲ್ಲ, ನೂರಕ್ಕೆ ತೊಂಬತ್ತೈದು ಪಾಲು ಭರವಸೆಯಿಂದ. ಇನ್ನೂ ಎರಡು ತಿಂಗಳು ಕಾದು ಆಗಲೂ ಸೊನ್ನೆಯೇ ಆಗಿದ್ದರೆ ಮಿತಿ ಅರ್ಧಕ್ಕೆ ಇಳಿಯುತ್ತಿತ್ತು. ಉಪಕರಣ ಎರಡರಷ್ಟು ಅಗಲವಾಗಿದ್ದರೂ ಹಾಗೆಯೇ. ಎಲ್ಲಿ, ಎಷ್ಟು ಅಗಲ, ಎಷ್ಟು ಹೊತ್ತು ಎಂಬುದನ್ನು ಜೊತೆಗೆ ಹೇಳಿದರೆ ಮಾತ್ರ ಆ ಸೊನ್ನೆಗೆ ಅರ್ಥ. ಇವನ್ನು ಕಳೆದುಬಿಟ್ಟರೆ ಅದು ಬರಿಯ ಖಾಲಿ ಕಾಗದ.

ಆ ಆಳವನ್ನು ಅವರು ಬರೆದ ರೀತಿಯೂ ಗಮನಿಸಬೇಕಾದದ್ದು. ಗಣಿಯವರಿಗೆ ಆಳ ಅಡಿಯಲ್ಲಿ, ನಮಗೆ ಮೀಟರಿನಲ್ಲಿ. ಭೌತವಿಜ್ಞಾನಿಗಳು ಇವೆರಡನ್ನೂ ಬಿಟ್ಟು, ನೀರಿಗೆ ಸಮನಾದ ಮೀಟರ್ ಎಂಬ ಮಾನ ಇಟ್ಟುಕೊಂಡರು. ಅವರ ಲೇಖನದಲ್ಲಿ ಆ ಕೊನೆಯ ಜಾಗದ ಆಳ 8,400 ಮೀಟರ್. ಗಣಿ ಅಷ್ಟು ಆಳವಿರಲಿಲ್ಲ. ಮ್ಯೂಯಾನಿಗೆ ಅಡ್ಡ ಬರುವುದು ದೂರವಲ್ಲ, ದಾರಿಯಲ್ಲಿರುವ ವಸ್ತು. ಕೋಲಾರದ ಬಂಡೆ ನೀರಿನ ಮೂರರಷ್ಟು ಸಾಂದ್ರ; ಇತರ ಕಡೆಯ ಸಾಮಾನ್ಯ ಬಂಡೆಗಿಂತಲೂ ಭಾರ. ಅದೇ ಆಳವನ್ನು ಬೇರೆ ದೇಶದ ಗಣಿಯಲ್ಲೋ ಸಮುದ್ರದ ತಳದಲ್ಲೋ ಅಳೆದವರ ಜೊತೆ ಹೋಲಿಸಬೇಕಾದರೆ ಎಲ್ಲರ ಆಳವನ್ನೂ ಒಂದೇ ವಸ್ತುವಿನ ಲೆಕ್ಕಕ್ಕೆ ತರಬೇಕು. ಹಾಗೆ ತರುವಾಗ ಬಂಡೆಯ ಸಾಂದ್ರತೆಯ ಅಳತೆಯಲ್ಲಿ ನೂರಕ್ಕೆ ಒಂದು ತಪ್ಪಿದರೆ ಆಳ 84 ಮೀಟರ್ ತಪ್ಪುತ್ತದೆ. ಅಷ್ಟು ಕೆಳಗೆ ಎಣಿಕೆ ಆಳದೊಂದಿಗೆ ಬೇಗಬೇಗ ಬದಲಾಗುವುದರಿಂದ ಆ 84 ಮೀಟರನ್ನು ಕಡೆಗಣಿಸುವಂತಿಲ್ಲ. ಆದ್ದರಿಂದ ಕಣ ಎಣಿಸಲು ಬಂದವರು ಕಲ್ಲಿನ ಚೂರುಗಳನ್ನೂ ತೂಗಿ ನೋಡಬೇಕಾಯಿತು.

ಸೊನ್ನೆ ಸಿಕ್ಕಿತಲ್ಲ, ಅದರಿಂದ ಏನು ಉಪಯೋಗವಾಯಿತು? ಉಪಯೋಗವಾದದ್ದು ನ್ಯೂಟ್ರಿನೊ ಹುಡುಕುವುದಕ್ಕೆ. ಬಂಡೆ, ಭೂಮಿ ಯಾವುದನ್ನೂ ಲೆಕ್ಕಿಸದೆ ಹಾದುಹೋಗುವ ಕಣ ಅದು. ಲಕ್ಷೋಪಲಕ್ಷದಲ್ಲಿ ಎಲ್ಲೋ ಒಂದು ಬಂಡೆಯೊಳಗೆ ಡಿಕ್ಕಿ ಹೊಡೆದು ಮ್ಯೂಯಾನನ್ನು ಹುಟ್ಟಿಸುತ್ತದೆ. ಮೇಲಿನಿಂದ ಬರುವ ಮಾಮೂಲಿ ಮ್ಯೂಯಾನುಗಳ ಗದ್ದಲದಲ್ಲಿ ಆ ಒಂದನ್ನು ಗುರುತಿಸಲಾಗದು. ಗದ್ದಲ ಸೊನ್ನೆಯ ಹತ್ತಿರಕ್ಕೆ ಇಳಿಯುವ ಜಾಗ ಕೆಜಿಎಫ್‌ನಲ್ಲಿದೆ ಎಂದು ಈಗ ಗೊತ್ತಾಗಿತ್ತು. 1965ರಲ್ಲಿ ಟಾಟಾ ಸಂಸ್ಥೆ, ಒಸಾಕಾ ಸಿಟಿ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿಶ್ವವಿದ್ಯಾಲಯದವರು ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನ ಕಡೆ ಸುಮಾರು 2,300 ಮೀಟರ್ ಆಳದಲ್ಲಿ ಎದುರುಬದುರು ಗೋಡೆಗಳಂತೆ ಪತ್ತೆಯಂತ್ರಗಳನ್ನು ನಿಲ್ಲಿಸಿದರು. ಕಣ ಹಾದರೆ ಮಿನುಗುವ ಪ್ಲಾಸ್ಟಿಕ್ ಹಲಗೆಗಳು, ಅದರ ದಾರಿ ತೋರುವ ನಿಯಾನ್ ಕೊಳವೆಗಳು. ಗೋಡೆಗಳು ನಿಂತಿದ್ದವು, ಮಲಗಿರಲಿಲ್ಲ. ಮೇಲಿಂದ ನೇರ ಬರುವ ಮ್ಯೂಯಾನ್ ಬಂಡೆ ದಾಟಿ ಬಂದ ಮಾಮೂಲಿ ಮ್ಯೂಯಾನೇ ಇರಬಹುದು. ಅಡ್ಡಡ್ಡ ಬಂದ ಮ್ಯೂಯಾನ್ ಅಷ್ಟುದ್ದ ಬಂಡೆಯನ್ನು ದಾಟಿ ಬಂದಿರಲು ಸಾಧ್ಯವೇ ಇಲ್ಲ, ಅದು ಅಲ್ಲೇ ಹತ್ತಿರದಲ್ಲಿ ನ್ಯೂಟ್ರಿನೊದಿಂದ ಹುಟ್ಟಿರಬೇಕು. ಹಾಗಾಗಿ ಇಲ್ಲಿ ಕೋನದ ಅಳತೆಯೇ ಸಾಕ್ಷಿ.

ಸಾಕ್ಷಿ ಸಿಕ್ಕಿತು. ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊದ ಗುರುತು ಹಿಡಿದ ವರದಿ 1965ರ ಆಗಸ್ಟ್ 15ರ ಫಿಸಿಕ್ಸ್ ಲೆಟರ್ಸ್ ಪತ್ರಿಕೆಯಲ್ಲಿ ಅಚ್ಚಾಯಿತು. ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್ ಬಳಿಯ ಚಿನ್ನದ ಗಣಿಯಲ್ಲಿ ಇದೇ ಹುಡುಕಾಟದಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿ ಬಂದದ್ದು ಅದೇ ಆಗಸ್ಟ್ 30ಕ್ಕೆ. ಆದರೆ ರೈನ್ಸ್ ತಂಡದವರ ಮೊದಲ ಕಣ ಫೆಬ್ರವರಿ 23ರಂದೇ ಅವರ ಉಪಕರಣ ದಾಟಿತ್ತು, ನಮ್ಮದಕ್ಕಿಂತ ಮೊದಲು. ಹಾಗಾದರೆ ಮೊದಲಿಗರು ಯಾರು? ಅಚ್ಚಾದ ದಿನ ನೋಡಿದರೆ ಕೋಲಾರ, ಕಣ ಬಂದ ದಿನ ನೋಡಿದರೆ ಜೋಹಾನ್ಸ್‌ಬರ್ಗ್. ಎರಡನ್ನೂ ಹೇಳುವುದೇ ನ್ಯಾಯ. ಕೋಲಾರವೇ ಮೊದಲು ಎಂದು ಎದೆತಟ್ಟಿ ಹೇಳುವ ಲೇಖನಗಳಲ್ಲಿ ಫೆಬ್ರವರಿ 23 ಕಾಣೆಯಾಗುತ್ತದೆ, ಅದು ಸರಿಯಲ್ಲ.

ಎಣಿಕೆ ಚಿಕ್ಕದಿದ್ದಾಗ ಅನಿಶ್ಚಿತತೆ ದೊಡ್ಡದು. ಒಂದು ಸರಳ ಲೆಕ್ಕ ಮೇಷ್ಟ್ರುಗಳಿಗೆಲ್ಲ ಗೊತ್ತು: ನೂರು ಎಣಿಸಿದರೆ ಹತ್ತು ಹೆಚ್ಚುಕಡಿಮೆ, ಹದಿನಾರು ಎಣಿಸಿದರೆ ನಾಲ್ಕು, ನಾಲ್ಕೇ ಎಣಿಸಿದರೆ ಎರಡು. ಎಣಿಕೆಯ ವರ್ಗಮೂಲವೇ ಅದರ ಅಲುಗಾಟ. ನಾಲ್ಕಕ್ಕೆ ಎರಡು ಹೆಚ್ಚುಕಡಿಮೆ ಎಂದರೆ ಅರ್ಧಕ್ಕರ್ಧ ಅನುಮಾನ. ಈ ಅನುಮಾನವೇ ಕೆಜಿಎಫ್‌ನ ಮುಂದಿನ ದೊಡ್ಡ ಪ್ರಯೋಗವನ್ನು ಕಾಡಿತು.

1980ರಲ್ಲಿ ಅದೇ 2,300 ಮೀಟರ್ ಆಳದಲ್ಲಿ 140 ಟನ್ ತೂಕದ ಪತ್ತೆಯಂತ್ರ ಕೆಲಸ ಆರಂಭಿಸಿತು. ಕಬ್ಬಿಣದ ಹಲಗೆಗಳ ನಡುನಡುವೆ ಕಣ ಹಿಡಿಯುವ ಕೊಳವೆಗಳ ಸಾಲು. ಪ್ರೋಟಾನ್ ಎಂದಾದರೂ ಸಾಯುತ್ತದೆಯೇ ಎಂಬುದು ಪ್ರಶ್ನೆ. ಪ್ರೋಟಾನಿನ ಆಯುಸ್ಸು ಹತ್ತರ ಮೂವತ್ತೊಂದನೇ ಘಾತದಷ್ಟು ವರ್ಷ, ಅಂದರೆ ಒಂದರ ಮುಂದೆ 31 ಸೊನ್ನೆ ಇಟ್ಟಷ್ಟು ವರ್ಷ ಇರಬಹುದೆಂದು ಆಗಿನ ಸಿದ್ಧಾಂತಗಳು ಹೇಳುತ್ತಿದ್ದವು. ಅಷ್ಟು ವರ್ಷ ಯಾರೂ ಕಾಯಲಾರರು. ಆದರೆ 140 ಟನ್ನಿನಲ್ಲಿ ಪ್ರೋಟಾನ್ ನ್ಯೂಟ್ರಾನುಗಳ ಸಂಖ್ಯೆ ಎಂಟರ ಮುಂದೆ 31 ಸೊನ್ನೆ. ಸಿದ್ಧಾಂತ ನಿಜವಾದರೆ ವರ್ಷಕ್ಕೆ ಸುಮಾರು ಎಂಟು ಸಾವು ಆ ರಾಶಿಯೊಳಗೇ ನಡೆಯಬೇಕು. ಇಷ್ಟು ಬುದ್ಧಿವಂತಿಕೆಯ ಕಾಯುವಿಕೆಯನ್ನು ನಾನು ಬೇರೆ ವಿಜ್ಞಾನದಲ್ಲಿ ಕಂಡಿಲ್ಲ.

ಒಂದೆರಡು ವರ್ಷದಲ್ಲೇ ಪ್ರೋಟಾನಿನ ಸಾವಿನಂತೆ ಕಾಣುವ ಕೆಲವು ಘಟನೆಗಳು ದಾಖಲಾದವು. ಕೆಜಿಎಫ್ ತಂಡ ಅವನ್ನು ಪ್ರಕಟಿಸಿತು. ಜಗತ್ತಿನ ಭೌತವಿಜ್ಞಾನಿಗಳೆಲ್ಲ ಕೋಲಾರದ ಕಡೆ ತಿರುಗಿ ನೋಡಿದರು. ಆದರೆ ನ್ಯೂಟ್ರಿನೊ ಬಡಿದಾಗಲೂ ಕೆಲವೊಮ್ಮೆ ಅಂಥದೇ ಗುರುತು ಮೂಡಬಹುದು. ಸಿಕ್ಕಿದ್ದು ಬೆರಳೆಣಿಕೆಯಷ್ಟು, ಹಾಗಾಗಿ ಅನುಮಾನ ದೊಡ್ಡದು. ಅಮೆರಿಕದ ಓಹಾಯೊದ ಉಪ್ಪಿನ ಗಣಿಯಲ್ಲಿ, ಜಪಾನಿನ ಕಾಮಿಯೋಕಾ ಗಣಿಯಲ್ಲಿ ಸಾವಿರಾರು ಟನ್ ನೀರಿಟ್ಟು ಹುಡುಕಿದವರಿಗೆ ಖಚಿತವಾದ ಒಂದೂ ಸಿಗಲಿಲ್ಲ. ಇಂದು ಪ್ರೋಟಾನಿನ ಆಯುಸ್ಸು ಕೆಲವು ಬಗೆಯ ಸಾವಿನ ಮಟ್ಟಿಗೆ ಹತ್ತರ 34ನೇ ಘಾತದಷ್ಟು ವರ್ಷಗಳಿಗಿಂತಲೂ ಹೆಚ್ಚು ಎಂದು ಕಾಮಿಯೋಕಾದ ದೊಡ್ಡ ಪ್ರಯೋಗ ಹೇಳುತ್ತದೆ. ಅದೂ ಒಂದು ಸೊನ್ನೆಯಿಂದ ಹೊರಟ ಮಿತಿಯೇ. ಕೆಜಿಎಫ್ ತಂಡ ತನ್ನ ಘಟನೆಗಳನ್ನು ಸಾಧ್ಯತೆ ಎಂದೇ ಬರೆದಿತ್ತು, ಸಾಬೀತು ಎಂದು ಬರೆಯಲಿಲ್ಲ. ನೊಬೆಲ್ ಆಸೆ ಕಣ್ಣೆದುರೇ ಇದ್ದ ಕಾಲದಲ್ಲಿ ಆ ಒಂದು ಪದಕ್ಕೆ ಅಂಟಿಕೊಂಡು ನಿಂತದ್ದು ದೊಡ್ಡತನ.

ಈ ಅಳತೆಗಳ ಹಿಂದೆ ಇನ್ನೂ ಒಂದು ಬಳಗ ಇತ್ತು. ಕೇಜ್ ಇಳಿಸುವವರು, ಪಂಪ್ ನಡೆಸುವವರು, ಗಾಳಿ ತಂಪು ಮಾಡಿ ಕೆಳಕ್ಕೆ ಕಳಿಸುವವರು, ಬಂಡೆ ಸಿಡಿಯದಂತೆ ಸುರಂಗಕ್ಕೆ ಆಸರೆ ಕೊಡುವವರು. ಬಿಸಿಯಾದ ಬಂಡೆಯ ನಡುವೆ ವಿಜ್ಞಾನಿಗಳು ಎರಡು ತಿಂಗಳು ನಿಶ್ಚಿಂತರಾಗಿ ಕಾಯಲು ಸಾಧ್ಯವಾದದ್ದು ಇವರಿಂದ. ಲೇಖನಗಳಲ್ಲಿ ಇವರ ಹೆಸರಿಲ್ಲ. ಗಣಿಯ ಆಳದ ಭಾಗಗಳನ್ನು ನಡೆಸುವುದು ಕಷ್ಟವಾದಾಗ 1990ರ ದಶಕದ ಆರಂಭದಲ್ಲಿ ಪ್ರಯೋಗಗಳೂ ನಿಂತವು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು.

ಎಲ್ಲಿ, ಎಷ್ಟು, ಹೆಚ್ಚುಕಡಿಮೆ ಎಷ್ಟು ಎಂದು ಜೊತೆಗೆ ಹೇಳಬೇಕೆಂಬ ಮಾತು ಚಿನ್ನದ ಅಳತೆಗೂ ಅನ್ವಯಿಸುತ್ತದೆ. ಈ ಸೀಮೆಯ ಚಿನ್ನದ ಸುದ್ದಿಯನ್ನು 1802ರಲ್ಲಿ ಹೊರಗೆ ತಿಳಿಸಿದ ಜಾನ್ ವಾರೆನ್ ಅಳತೆಯವನೇ ಆಗಿದ್ದ. ಮೈಸೂರಿನ ಪೂರ್ವದ ಗಡಿ ಅಳೆಯಲು ಬಂದವನು, ಆಮೇಲೆ ಲ್ಯಾಂಬ್ಟನ್ನನ ಮಹಾ ಭೂಮಾಪನದಲ್ಲಿ ಸಹಾಯಕನಾದ, ಮದರಾಸಿನ ವೀಕ್ಷಣಾಲಯದಲ್ಲೂ ದುಡಿದ. ಅವನ ಕಾಲದಲ್ಲಿ ಊರಿಗಾಂ, ಮಾರಿಕುಪ್ಪಂ ಕಡೆಯ ಜನ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದರು. ಮುಂದೆ ಕಂಪನಿಗಳ ಕಾಲಕ್ಕೆ ಲೆಕ್ಕ ಔನ್ಸಿಗೆ ಬಂತು. ಅದು ದಿನಸಿ ಅಂಗಡಿಯ 28.35 ಗ್ರಾಂ ಔನ್ಸ್ ಅಲ್ಲ. ಚಿನ್ನದ ಔನ್ಸ್ 31.1 ಗ್ರಾಂ. ರಾಬರ್ಟ್‌ಸನ್‌ಪೇಟೆಯ ಚಿನ್ನದಂಗಡಿಯಲ್ಲಿ ಸವರನ್ ಎಂದರೆ 8 ಗ್ರಾಂ. ತೊಲ ಎಂದರೆ 11.66 ಗ್ರಾಂ ಆಗಬೇಕು, ಹತ್ತೇ ಗ್ರಾಮಿಗೆ ತೊಲ ಎನ್ನುವ ಅಂಗಡಿಗಳೂ ಇವೆ. ಟನ್ ಕೂಡ ಮೂರು ಬಗೆ: 907 ಕೆಜಿಯದು ಅಮೆರಿಕದ್ದು, 1,016 ಕೆಜಿಯದು ಬ್ರಿಟಿಷರದು, 1,000 ಕೆಜಿಯದು ಈಗಿನದು. ಹಳೆಯ ವರದಿಯಲ್ಲಿ ಬರಿಯ ಟನ್ ಎಂದು ಓದಿ ನಮ್ಮ ಟನ್ ಎಂದುಕೊಂಡರೆ ತಪ್ಪು ನೂರಕ್ಕೆ ಹತ್ತರವರೆಗೂ ಹೋಗಬಹುದು.

ಅದಿರಿನಲ್ಲಿ ಎಷ್ಟು ಚಿನ್ನ ಇದೆ ಎಂದು ತಿಳಿಯಲು ಅದನ್ನು ಪುಡಿ ಮಾಡಿ, ಸೀಸದ ಆಕ್ಸೈಡಿನ ಪುಡಿ ಮತ್ತು ಸೋಡಾ ಬೆರೆಸಿ, ಮೂಸೆಯಲ್ಲಿ ಕರಗಿಸುತ್ತಾರೆ. ಸೀಸ ಚಿನ್ನವನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ. ಆ ಸೀಸದ ಗುಂಡನ್ನು ಮೂಳೆಬೂದಿಯ ಬಟ್ಟಲಿನಲ್ಲಿ ಕಾಯಿಸಿದರೆ ಸೀಸವನ್ನು ಬಟ್ಟಲು ಹೀರಿ, ಚಿನ್ನ ಬೆಳ್ಳಿಯ ಪುಟ್ಟ ಮಣಿ ಉಳಿಯುತ್ತದೆ. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗಿಹೋಗುತ್ತದೆ. ಉಳಿದ ಚಿನ್ನವನ್ನು ತೂಗುತ್ತಾರೆ. ಬ್ರಿಟಿಷ್ ಟನ್ನಿಗೆ ಲೆಕ್ಕ ಸುಲಭವಾಗಲೆಂದು ಮಾದರಿಯನ್ನು 32.667 ಗ್ರಾಂ ತೆಗೆದುಕೊಳ್ಳುವ ಪದ್ಧತಿ ಇತ್ತು. ಹಾಗೆ ಉಳಿದ ಚಿನ್ನದ ಮಣಿ ಒಂದು ಮಿಲಿಗ್ರಾಂ ತೂಗಿದರೆ ಅದಿರು ಟನ್ನಿಗೆ ಒಂದು ಔನ್ಸ್ ಎಂದು ನೇರ ಓದಬಹುದು.

ಇಲ್ಲಿ ಒಂದು ಲೆಕ್ಕ ಮಾಡಿ ನೋಡಬೇಕು. ಕೆಜಿಎಫ್ ಗಣಿಗಾರಿಕೆಯ ಆರಂಭದಲ್ಲಿ ಟನ್ನಿಗೆ ಸುಮಾರು 47 ಗ್ರಾಂ ಚಿನ್ನ ಇತ್ತು ಎನ್ನುತ್ತಾರೆ. ಆಗ ಆ ಮಾದರಿಯ ಮಣಿ ಒಂದೂವರೆ ಮಿಲಿಗ್ರಾಂ. ತಕ್ಕಡಿ ನೂರನೇ ಒಂದು ಮಿಲಿಗ್ರಾಂ ತಪ್ಪಿದರೂ ಉತ್ತರ ನೂರಕ್ಕೆ ಒಂದೂ ಕೆಡುವುದಿಲ್ಲ. ಗಣಿ ಮುಚ್ಚುವ ಕಾಲಕ್ಕೆ ಟನ್ನಿಗೆ ಸುಮಾರು 3 ಗ್ರಾಂ. ಮಣಿ ಮಿಲಿಗ್ರಾಮಿನ ಹತ್ತನೇ ಒಂದು. ಅದೇ ತಕ್ಕಡಿಯ ಅದೇ ತಪ್ಪು ಈಗ ನೂರಕ್ಕೆ ಹತ್ತು. ಚಿನ್ನ ತೆಗೆದುಳಿದ ಪುಡಿ ರಾಶಿಯಾಗಿ ಊರ ನಡುವೆ ನಿಂತಿರುವ ಸೈನೈಡ್ ಗುಡ್ಡಗಳ ಮಣ್ಣಿನಲ್ಲಿ ಟನ್ನಿಗೆ 0.7 ಗ್ರಾಂ ಇದೆ ಎಂಬುದು ಈಗ ಓಡಾಡುತ್ತಿರುವ ಅಂಕಿ. ಅಷ್ಟೇ ಮಾದರಿ, ಅದೇ ತಕ್ಕಡಿ ಇಟ್ಟುಕೊಂಡರೆ ತಪ್ಪು ನೂರಕ್ಕೆ ನಲವತ್ತನ್ನು ದಾಟುತ್ತದೆ. ತೆಳುವಾದ ಅದಿರಿಗೆ ದೊಡ್ಡ ಮಾದರಿ, ಸೂಕ್ಷ್ಮವಾದ ತಕ್ಕಡಿ, ಬೇರೆ ವಿಧಾನ ಬೇಕಾಗುವುದು ಇದಕ್ಕೇ. ಚಿನ್ನ ಕಡಿಮೆಯಾದಷ್ಟೂ ಅಳತೆಯ ಖರ್ಚು ಏರುತ್ತದೆ.

ತೂಕದ ಕಲ್ಲೂ ಅಲುಗುತ್ತದೆ. 1889ರಿಂದ ಪ್ಯಾರಿಸ್ ಹತ್ತಿರ ಇಟ್ಟಿದ್ದ ಪ್ಲಾಟಿನಂ ಇರಿಡಿಯಂ ಸಿಲಿಂಡರೇ ಜಗತ್ತಿಗೆಲ್ಲ ಕಿಲೋಗ್ರಾಂ. ಅದರ 57ನೇ ಪ್ರತಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿದೆ. ನೂರು ವರ್ಷದಲ್ಲಿ ಮೂಲಕ್ಕೂ ಪ್ರತಿಗಳಿಗೂ ಸುಮಾರು 50 ಮೈಕ್ರೋಗ್ರಾಂ ವ್ಯತ್ಯಾಸ ಕಂಡಿತು. ಯಾವುದು ಹೆಚ್ಚಾಯಿತು, ಯಾವುದು ಕಡಿಮೆಯಾಯಿತು ಎಂದು ಹೇಳಲು ದಾರಿಯಿರಲಿಲ್ಲ. 2019ರ ಮೇ 20ರಿಂದ ಕಿಲೋಗ್ರಾಂ ಲೋಹದ ತುಂಡನ್ನು ಬಿಟ್ಟು ಪ್ಲಾಂಕ್ ಸ್ಥಿರಾಂಕದ ಮೇಲೆ ನಿಂತಿದೆ.

ಇಷ್ಟೆಲ್ಲ ನಡೆದ ನೆಲದ ಮಕ್ಕಳಿಗೆ ಅಳತೆಯನ್ನು ಹೇಗೆ ಕಲಿಸುತ್ತಿದ್ದೇವೆ? ಬಂಗಾರಪೇಟೆಯ ಒಂದು ಪಿಯು ಕಾಲೇಜಿನ ಲ್ಯಾಬ್ ಎಂದುಕೊಳ್ಳಿ. ಒಂದು ಮೀಟರ್ ಲೋಲಕ, ಇಪ್ಪತ್ತು ತೂಗಾಟಕ್ಕೆ ಸುಮಾರು ನಲವತ್ತು ಸೆಕೆಂಡು. ಕೈಯಲ್ಲಿ ಸ್ಟಾಪ್‌ವಾಚ್ ಒತ್ತುವಾಗ ಸೆಕೆಂಡಿನ ಐದನೇ ಒಂದು ಪಾಲು ಆಚೀಚೆ ಆಗಿಯೇ ಆಗುತ್ತದೆ. ಅಷ್ಟಕ್ಕೇ ಗುರುತ್ವ ವೇಗೋತ್ಕರ್ಷದ ಉತ್ತರ 0.1ರಷ್ಟು ಅಲುಗುತ್ತದೆ. ವಿದ್ಯಾರ್ಥಿನಿಗೆ 9.7 ಬಂತು ಅಂದರೆ ತಪ್ಪೇನೂ ಇಲ್ಲ. ಆದರೆ ಪುಸ್ತಕದಲ್ಲಿ 9.81 ಇದೆ, ರೆಕಾರ್ಡಿನಲ್ಲಿ ಅದಕ್ಕೆ ಹತ್ತಿರ ಬರಬೇಕು ಎಂಬ ಭಯಕ್ಕೆ ಸಮಯವನ್ನು ತಿದ್ದುತ್ತಾಳೆ. ಬಂಗಾರಪೇಟೆಯ ಅಕ್ಷಾಂಶಕ್ಕೂ ಎತ್ತರಕ್ಕೂ ಲೆಕ್ಕ ಹಾಕಿದರೆ ಅಲ್ಲಿನ ನಿಜವಾದ ಮೌಲ್ಯ ಸುಮಾರು 9.78, ಅವಳು ತಿದ್ದಿಕೊಂಡು ಹೋದದ್ದು ತನ್ನೂರಿನದಲ್ಲದ ಒಂದು ಅಂಕಿಯ ಕಡೆಗೆ. ಈ ತಿದ್ದುವ ಅಭ್ಯಾಸ ಹದಿನಾರನೇ ವಯಸ್ಸಿಗೆ ಅಂಟಿದರೆ ಬಿಡುವುದಿಲ್ಲ. 9.7, ಹೆಚ್ಚುಕಡಿಮೆ 0.1 ಎಂದು ಬರೆದ ಹುಡುಗಿಗೆ ಪೂರ್ಣ ಅಂಕ ಕೊಡಬೇಕು, 9.81 ಎಂದಷ್ಟೇ ಬರೆದವನನ್ನು ಹೇಗೆ ಬಂತು ಎಂದು ಕೇಳಬೇಕು. ಅಧ್ಯಾಪಕರು ಮನಸ್ಸು ಮಾಡಿದರೆ ಇದಕ್ಕೆ ಹೊಸ ಉಪಕರಣ ಬೇಡ, ಸರ್ಕಾರದ ಆದೇಶವೂ ಬೇಡ.

ಇದು ಲ್ಯಾಬಿಗೆ ಮಾತ್ರ ಸೇರಿದ ಮಾತಲ್ಲ, ಊರಿನ ಮುಂದಿನ ದಿನಗಳಿಗೂ ಸೇರಿದ್ದು. ಕೆಜಿಎಫ್‌ನಲ್ಲಿ 13 ಸೈನೈಡ್ ಗುಡ್ಡಗಳಿವೆ. ಅವುಗಳ ಮಣ್ಣು 3.3 ಕೋಟಿ ಟನ್ ಎಂದು ಅಂದಾಜು. ಅವುಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ 2024ರ ಜೂನ್‌ನಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಟನ್ನಿಗೆ 0.7 ಗ್ರಾಂ ಎಂದರೆ ಒಟ್ಟು 23 ಟನ್ ಚಿನ್ನ. ಈ 23ರ ಅಂಕಿ ಸುದ್ದಿಯಲ್ಲಿ ಒಂಟಿಯಾಗಿ ಬರುತ್ತದೆ. ಆ 0.7 ಎಂಬುದು 0.1ರಷ್ಟು ಆಚೀಚೆ ಇದ್ದರೆ, ಚಿನ್ನ 20 ಟನ್ ಇರಬಹುದು, 26 ಟನ್ ಇರಬಹುದು. ದಶಮಾಂಶದ ಆ ಒಂದು ಸ್ಥಾನ 3,300 ಕೆಜಿ ಚಿನ್ನ. ಇರುವ ಚಿನ್ನವೆಲ್ಲ ಕೈಗೆ ಬರುವುದೂ ಇಲ್ಲ, ಒಂದು ಪಾಲು ಮಣ್ಣಿನಲ್ಲೇ ಉಳಿಯುತ್ತದೆ. ಕೆಲಸ ಬರುತ್ತದೆಂದು ಕಾಯುತ್ತಿರುವ ಗಣಿ ಕಾಲೊನಿಯ ಕುಟುಂಬಗಳಿಗೆ, ಬೇಸಿಗೆಯಲ್ಲಿ ಆ ಗುಡ್ಡಗಳ ದೂಳು ಕುಡಿಯುವ ಆಂಡರ್ಸನ್‌ಪೇಟೆಯ ಮನೆಗಳಿಗೆ, ದಿನಬೆಳಗಾದರೆ ಮಾರಿಕುಪ್ಪಂ ರೈಲು ಹತ್ತಿ ಬಂಗಾರಪೇಟೆ ದಾಟಿ ಬೆಂಗಳೂರಿಗೆ ದುಡಿಯಲು ಹೋಗುವವರಿಗೆ ಆ ಅಂಕಿ ಒಂದು ಆಸೆ. ಅವರಿಗೆ ಪೂರಾ ಅಂಕಿ ಸಿಗಬೇಕು.

ಹಾಗಾಗಿ ಅಧಿಕಾರಿಗಳಲ್ಲಿ, ಗುತ್ತಿಗೆ ಹಿಡಿಯುವವರಲ್ಲಿ, ಸುದ್ದಿ ಬರೆಯುವ ನನ್ನ ವೃತ್ತಿಬಂಧುಗಳಲ್ಲಿ ಕೇಳಿಕೊಳ್ಳುವುದು ಇಷ್ಟು: ಮುಂದಿನ ಸಲ ಗುಡ್ಡದ ಚಿನ್ನದ ಅಂಕಿ ಹೇಳುವಾಗ, ಎಷ್ಟು ಕಡೆ, ಎಷ್ಟು ಆಳಕ್ಕೆ ಕೊರೆದು ಮಾದರಿ ತೆಗೆದಿರಿ, ಯಾರು ತೂಗಿದರು, ಹೆಚ್ಚುಕಡಿಮೆ ಎಷ್ಟು ಎಂಬುದನ್ನು ಅದೇ ಸಾಲಿನಲ್ಲಿ ಹೇಳಿ. ಓದುಗರೇ, ಹೇಳದಿದ್ದರೆ ನೀವು ಕೇಳಿ.